ನೀರಿನ ಜಾಡಿನಲ್ಲಿ ದುರ್ಗದರ್ಶನ

ಹೊಳಲ್ಕೆರೆಯ ಹೆಸರಿನಲ್ಲಿ ಕೆರೆಯಿದೆ, ಚಿತ್ರದುರ್ಗದ ಹೆಸರಿನಲ್ಲಿ ಕೋಟೆಯಿದೆ. ಆದುದರಿಂದಲೋ ಏನೋ, ದುರ್ಗವನ್ನು ನೋಡಲು ಬರುವವರು ಕಲ್ಲನ್ನೇ ನೋಡಿ ಹಿಂದಿರುಗುತ್ತಾರೆ. ಏಳು ಸುತ್ತಿನ ಗೋಡೆ, ಬಾಗಿಲು, ಬತೇರಿಗಳನ್ನು ಎಣಿಸಿ ಬೆರಗಾಗುತ್ತಾರೆ. ಬಿ.ದುರ್ಗದ ಕಡೆಯವನಾದ ನಾನು ಅನೇಕ ಸಲ ಬಂಧುಮಿತ್ರರನ್ನು ಅಲ್ಲಿಗೆ ಕರೆದೊಯ್ದಿದ್ದೇನೆ. ದುರ್ಗವು ಕಲ್ಲಿನ ಊರಾಗಿರುವಷ್ಟೇ ನೀರಿನ ದಡದ ಊರೂ ಹೌದೆಂಬುದು ನನ್ನ ಅನುಭವ. ಅಲ್ಲಿ ಸಮುದ್ರವಿಲ್ಲ, ಹೊಳೆಯೂ ಇಲ್ಲ. ಇರುವುದು ಮನುಷ್ಯನು ಕಟ್ಟಿ ನಿಲ್ಲಿಸಿದ ನೀರು. ಅದರ ಜಾಡನ್ನು ಹಿಡಿದು ನಡೆದರೆ ಊರಿನ ಚರಿತ್ರೆಯೆಲ್ಲ ಕ್ರಮವಾಗಿ ಕಣ್ಣಿಗೆ ಕಟ್ಟುತ್ತದೆ.

ಮೊದಲು ಹೋಗತಕ್ಕದ್ದು ಕೋಟೆಗಲ್ಲ, ಅದರ ಪಶ್ಚಿಮಕ್ಕಿರುವ ಚಂದ್ರವಳ್ಳಿಗೆ. ಬೆಟ್ಟಗಳ ನಡುವಣ ಕಣಿವೆಯಲ್ಲಿ ಕೆರೆ, ಕೆರೆಯ ಬಳಿ ಅಂಕಲಿಮಠದ ಗುಹೆಗಳು. ಇಲ್ಲಿಯ ಭೈರವೇಶ್ವರ ಗುಡಿಯ ಸಮೀಪದ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಪ್ರಾಕೃತ ಶಾಸನವೊಂದಿದೆ. ಮೂರೇ ಸಾಲಿನದು, ಕಾಲ ಕ್ರಿ.ಶ. ನಾಲ್ಕನೆಯ ಶತಮಾನ. ಇದನ್ನು ಬೆಳಕಿಗೆ ತಂದವರು ಮೈಸೂರಿನ ಪುರಾತತ್ವಜ್ಞ ಡಾ. ಎಂ. ಎಚ್. ಕೃಷ್ಣ ಅವರು. ಶಾಸನದಲ್ಲಿ ಬರುವ ರಾಜ್ಯಗಳ ಹೆಸರುಗಳನ್ನು ಓದುವುದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವುಂಟು. ಆದರೆ ಅದರ ವಿಷಯ ತಟಾಕ, ಅಂದರೆ ಕೆರೆ. ಕನ್ನಡ ನಾಡಿನ ಮೊದಲ ರಾಜವಂಶವನ್ನು ಸ್ಥಾಪಿಸಿದವನು ಇಲ್ಲಿ ತನ್ನ ಹೆಸರನ್ನು ಬರೆಯಿಸಿದ್ದು ಕೆರೆಯ ಕೆಲಸಕ್ಕಾಗಿ ಎಂಬುದು ಗಮನಿಸಬೇಕಾದ ಸಂಗತಿ.

ಆ ಕೆರೆಯ ಸುತ್ತಣ ನೆಲವನ್ನು ಕೃಷ್ಣ ಅವರು ಅಗೆಯಿಸಿದರು. 1947ರಲ್ಲಿ ಮಾರ್ಟಿಮರ್ ವೀಲರ್ ಮತ್ತೆ ಅಗೆಯಿಸಿದರು. ಬಣ್ಣದ ಮಡಕೆಗಳು, ಶಾತವಾಹನರ ನಾಣ್ಯಗಳು, ಅವುಗಳ ಜೊತೆಗೆ ರೋಮನ್ ಚಕ್ರವರ್ತಿ ಟೈಬೀರಿಯಸನ ಬೆಳ್ಳಿನಾಣ್ಯವೂ ದೊರೆತವು. ಕಾಲ ಗೊತ್ತಿರುವ ಇಂಥ ನಾಣ್ಯದಿಂದ ಅದೇ ಪದರದ ಮಡಕೆಯ ಕಾಲವನ್ನು ಊಹಿಸಬಹುದು. ದಕ್ಷಿಣ ಭಾರತದ ಪ್ರಾಚೀನ ಚರಿತ್ರೆಗೆ ಕಾಲಗಣನೆಯ ಆಧಾರ ದೊರೆತದ್ದು ಹೀಗೆ. ಚಂದ್ರವಳ್ಳಿಯನ್ನು ನೋಡಿದ ಮೇಲೆ ಪಟ್ಟಣದಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ನೆಲವನ್ನು ಕಾಣದೆ ವಸ್ತುವನ್ನು ಕಂಡರೆ ಅದು ಬರಿಯ ಬೋಕಿಬಿಲ್ಲೆ. ಕೆರೆಯ ದಡದಲ್ಲಿ ನಿಂತು ಬಂದವನಿಗೆ ಅದೇ ಬೋಕಿ ಯಾರದೋ ಮನೆಯ ನೀರಿನ ಕೊಡವಾಗಿ ಕಾಣುತ್ತದೆ.

ಇನ್ನು ಕೋಟೆ. ಇಲ್ಲಿಯ ಮಳೆ ವರ್ಷಕ್ಕೆ ಆಸುಪಾಸು 600 ಮಿಲಿಮೀಟರು. ಅಷ್ಟರಲ್ಲಿಯೇ ನಾಯಕರ ಕಾಲದಲ್ಲಿ ದಂಡು, ದನಕರು, ಪ್ರಜೆಗಳೆಲ್ಲ ಬದುಕಬೇಕಾಗಿತ್ತು. ಉಪಾಯ ಸರಳವಾದದ್ದು. ಬೋಳುಬಂಡೆಯ ಮೇಲೆ ಬಿದ್ದ ಮಳೆ ಇಂಗುವುದಿಲ್ಲ, ಓಡುತ್ತದೆ. ಓಡುವ ನೀರಿಗೆ ಬಂಡೆಗಳ ಸಂದಿನಲ್ಲಿ ಅಡ್ಡಗಟ್ಟೆ ಹಾಕಿದರು. ಮೇಲೆ ಗೋಪಾಲಸ್ವಾಮಿ ಹೊಂಡ; ಅದು ತುಂಬಿದರೆ ನೀರು ಅಕ್ಕತಂಗಿಯರ ಹೊಂಡಕ್ಕೆ; ಅಲ್ಲಿಂದ ಸಿಹಿನೀರು ಹೊಂಡಕ್ಕೆ; ಕೊನೆಗೆ ಪಟ್ಟಣದೊಳಗಿನ ಸಂತೆಹೊಂಡಕ್ಕೆ. ಮೇಲಿನ ಹೊಂಡದಲ್ಲಿ ಹೂಳು ತಂಗುವುದರಿಂದ ಕೆಳಗಿನದಕ್ಕೆ ಬರುವ ನೀರು ತಿಳಿಯಾಗುತ್ತದೆ. ಓಬವ್ವನ ಕಿಂಡಿಯ ಕಥೆಯಲ್ಲಿಯೂ ನೀರೇ ಇದೆ. ಊಟಕ್ಕೆ ಕುಳಿತ ಗಂಡನಿಗಾಗಿ ನೀರು ತರಲು ಹೋದಾಗಲಲ್ಲವೆ ಆಕೆ ಕಿಂಡಿಯಲ್ಲಿ ನುಸುಳುತ್ತಿದ್ದ ಹೈದರಾಲಿಯ ಸೈನಿಕರನ್ನು ಕಂಡದ್ದು? ಅಲ್ಲಿಯೇ ಸಮೀಪದಲ್ಲಿರುವ ತಣ್ಣೀರು ದೋಣಿಯನ್ನು ನೋಡದೆ ಬರಬಾರದು. 1779ರಲ್ಲಿ ಕೋಟೆ ಹೈದರಾಲಿಯ ಕೈಸೇರಿತು, ನಾಯಕರ ಆಳ್ವಿಕೆ ಮುಗಿಯಿತು. ಹೊಂಡಗಳು ಮಾತ್ರ ಯಾವ ಅರಸನನ್ನೂ ಕೇಳದೆ ಮಳೆಗಾಲದಲ್ಲಿ ತುಂಬುತ್ತ ಬಂದವು.

ಬಿಡುವಿದ್ದವರು ಮರುದಿನ ಹಿರಿಯೂರಿನ ಕಡೆಗೆ ಹೊರಟು ಮಾರಿಕಣಿವೆಯನ್ನು ನೋಡಬೇಕು. ವೇದಾವತಿಗೆ ಅಡ್ಡಲಾಗಿ, ಎರಡು ಗುಡ್ಡಗಳ ನಡುವಿನ ಇಕ್ಕಟ್ಟಿನಲ್ಲಿ, 1898ರಿಂದ 1907ರವರೆಗೆ ಕಟ್ಟಿದ ವಾಣಿವಿಲಾಸ ಸಾಗರವಿದು. ಇದರ ಸಾಮರ್ಥ್ಯ ಸುಮಾರು 30 ಟಿ.ಎಂ.ಸಿ. 1933ರಲ್ಲಿ ಕೋಡಿ ಬಿದ್ದದ್ದು ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಗಳ ಮೇಲೆ! ಕೋಟೆಯ ಹೊಂಡ ಕಟ್ಟಿದವರ ಯುಕ್ತಿಯೂ ಈ ಅಣೆಕಟ್ಟಿನ ಯುಕ್ತಿಯೂ ಒಂದೇ. ಬೆಟ್ಟಗಳು ತಾವಾಗಿ ಒಡ್ಡಿಕೊಟ್ಟ ಇಕ್ಕೆಲದ ಗೋಡೆಗಳ ನಡುವೆ ಮೂರನೆಯದನ್ನು ಮಾತ್ರ ಮನುಷ್ಯ ಸೇರಿಸಿದ್ದಾನೆ.

ಕಡೆಯದಾಗಿ ಒಂದು ಮಾತು. ನಾಣ್ಯವನ್ನೂ ಮಡಕೆಯನ್ನೂ ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾಯಬಹುದು. ಹೊಂಡವನ್ನು ಹಾಗೆ ಕಾಯಲು ಬರುವುದಿಲ್ಲ. ಕಟ್ಟೆಗೆ ಯಾವ ಊನವೂ ಬಾರದಿದ್ದರೂ, ಮೇಲಿನಿಂದ ನೀರು ಬರುವ ದಾರಿಯನ್ನು ಮುಚ್ಚಿದರೆ ಸಾಕು, ಕೆಳಗಿನ ಹೊಂಡ ಸತ್ತಂತೆಯೇ. ಪ್ಲಾಸ್ಟಿಕ್ ಬಾಟಲಿಯನ್ನು ಮೆಟ್ಟಿಲಿನಿಂದ ನೀರಿಗೆಸೆದು ನಡೆಯುವವರನ್ನು ನಾನು ಕಂಡಿದ್ದೇನೆ. ಅವರು ಕೋಟೆಯ ಗೋಡೆಯ ಕಲ್ಲನ್ನು ಕಿತ್ತು ಎಸೆಯಲು ಖಂಡಿತ ಒಪ್ಪಲಾರರು. ಹೊಂಡವೂ ಗೋಡೆಯಷ್ಟೇ ಕೋಟೆಯ ಅಂಗವೆಂದು ಅವರಿಗೆ ಯಾರೂ ತೋರಿಸಿಕೊಟ್ಟಿಲ್ಲ. ಮಕ್ಕಳನ್ನು ದುರ್ಗಕ್ಕೆ ಕರೆದುಕೊಂಡು ಹೋಗುವ ತಂದೆತಾಯಿಗಳು, ಉಪಾಧ್ಯಾಯರು, ಗೋಪಾಲಸ್ವಾಮಿ ಹೊಂಡದಿಂದ ಸಂತೆಹೊಂಡದವರೆಗೆ ಅವರನ್ನು ಒಮ್ಮೆ ನಡೆಯಿಸಿ, ನೀರು ಇಳಿದು ಬರುವ ದಾರಿಯನ್ನು ಬೆರಳಿಟ್ಟು ತೋರಿಸಬೇಕೆಂದು ನನ್ನ ವಿನಂತಿ.