ಹಾಸನದಲ್ಲಿ ಅಮ್ಮ, ನೋಯ್ಡಾದಲ್ಲಿ ನಾನು, ಸೀನ್ ಮಾತ್ರ ಒಂದೇ

ಇವತ್ತಿನ ವಿಷಯ ಕಂಟಿನ್ಯುಟಿ ಎಡಿಟಿಂಗ್. ಈ ಪದ ಕೇಳಿದ ಕೂಡಲೇ ತುಂಬಾ ಜನಕ್ಕೆ ನೆನಪಾಗೋದು ತಪ್ಪು ಹುಡುಕೋ ಆಟ: ಹಿಂದಿನ ಶಾಟ್‌ನಲ್ಲಿ ಲೋಟ ತುಂಬಿತ್ತು, ಈಗ ಅರ್ಧ ಆಗಿದೆ, ಅಂತ. ಅದು ಸಣ್ಣ ವಿಷಯ. ದೊಡ್ಡದು ಬೇರೆ ಇದೆ.

ಶಂಕರ್ ನಾಗ್ ಅವರ 'ಮಾಲ್ಗುಡಿ ಡೇಸ್' ತಗೊಳ್ಳಿ. 80ರ ದಶಕದ ದೂರದರ್ಶನದ ಧಾರಾವಾಹಿ. ಇಲ್ಲಿ ಎನ್‌ಸಿಆರ್‌ನಲ್ಲಿ ನನ್ನ ಹಿಂದಿ ಸಹೋದ್ಯೋಗಿಗಳೂ ಅದರ ಟ್ಯೂನ್ ಗುನುಗ್ತಾರೆ. ಅದರ ಊರು ಬಹುಪಾಲು ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆ. ಆದರೆ ಆಗುಂಬೆಗೆ ರೈಲೇ ಇಲ್ಲ! ಮಾಲ್ಗುಡಿ ಸ್ಟೇಷನ್ ಆಗಿದ್ದು ಹೊಸನಗರ ತಾಲ್ಲೂಕಿನ ಅರಸಾಳು. ಎರಡು ತಾಲ್ಲೂಕು ಸೇರಿ ಒಂದೇ ಊರಾಯ್ತು, ನಾವ್ಯಾರೂ ಅನುಮಾನ ಪಡಲಿಲ್ಲ. 1920ರ ಆಸುಪಾಸಿನಲ್ಲಿ ರಷ್ಯಾದ ಕುಲೆಶೋವ್ ಮಾಡಿದ ಪ್ರಯೋಗವೂ ಇದೇ: ಮಾಸ್ಕೋದಲ್ಲಿ ನಡೆಯೋ ಜೋಡಿಯ ಶಾಟ್‌ಗಳ ಮಧ್ಯೆ ವಾಷಿಂಗ್ಟನ್ನಿನ ವೈಟ್ ಹೌಸ್ ಶಾಟ್ ಸೇರಿಸಿದ. ನೋಡಿದವರಿಗೆ ಎರಡೂ ಒಂದೇ ಜಾಗ ಅನ್ನಿಸಿತು.

ಇದನ್ನ ಓದಿಕೊಂಡು ನಾನೂ ಒಂದು ಕೈ ನೋಡೋಣ ಅಂದುಕೊಂಡೆ. ಅಮ್ಮನಿಗೆ ಮಂಡಿ ನೋವು, ಇಲ್ಲಿಗೆ ಬರೋಕಾಗಲ್ಲ. ದೀಪಾವಳಿಗೆ ಹಾಸನಕ್ಕೆ ಹೋದಾಗ ಅವಳು ಕಾಫಿ ಲೋಟ ಮುಂದೆ ಚಾಚಿ ಮಾತಾಡೋದನ್ನ ಫೋನಲ್ಲಿ ಶೂಟ್ ಮಾಡಿಕೊಂಡೆ. ಲೋಟ ತಗೊಳ್ಳೋ ನನ್ನ ಭಾಗ ಜನವರಿಯಲ್ಲಿ ನೋಯ್ಡಾ ಫ್ಲ್ಯಾಟಲ್ಲಿ. ಜೋಡಿಸಿ ಕಳಿಸಿದೆ. ಅಮ್ಮ ಫೋನ್ ಮಾಡಿ ಹೇಳಿದ್ದು ಒಂದೇ ಮಾತು: "ಅಲ್ಲೋ ಪುಟ್ಟಾ, ನೀನು ನನ್ನ ಕಡೆ ನೋಡ್ತಾನೇ ಇಲ್ವಲ್ಲೋ."

ಸರಿಯಾಗೇ ಹೇಳಿದ್ಲು. ಅಮ್ಮ ಪರದೆಯ ಬಲಕ್ಕೆ ನೋಡ್ತಿದ್ಲು, ನಾನೂ ಬಲಕ್ಕೇ ನೋಡ್ತಿದ್ದೆ. ಇಬ್ಬರೂ ಬಸ್ಸಿಗೆ ಕಾಯೋರ ಥರ!

ಇಲ್ಲೇ ಬರೋದು 180 ಡಿಗ್ರಿ ರೂಲ್. ಮಾತಾಡೋ ಇಬ್ಬರ ಮಧ್ಯೆ ಒಂದು ಗೆರೆ ಇದೆ ಅಂದ್ಕೊಳ್ಳಿ. ಕ್ಯಾಮೆರಾ ಎಲ್ಲಿಟ್ಟರೂ ಆ ಗೆರೆಯ ಒಂದೇ ಪಕ್ಕದಲ್ಲಿರಬೇಕು. ಆಗ ಒಬ್ಬರು ಬಲಕ್ಕೆ ನೋಡಿದ್ರೆ ಇನ್ನೊಬ್ಬರು ಎಡಕ್ಕೆ ನೋಡ್ತಾರೆ, ನೋಟ ನೋಟಕ್ಕೆ ಸಿಗುತ್ತೆ. ಇದಕ್ಕೆ ಐಲೈನ್ ಮ್ಯಾಚ್ ಅಂತಾರೆ. ಇಬ್ಬರೂ ಬೇರೆ ಬೇರೆ ಊರಲ್ಲಿದ್ರೆ ಅದೇ ಗೆರೆಯನ್ನ ಎರಡೂ ಮನೇಲಿ ಎಳ್ಕೋಬೇಕು.

ನಾವು ಎಂಜಿನಿಯರ್‌ಗಳಲ್ವಾ, ಶಾರ್ಟ್‌ಕಟ್ ಹುಡುಕಿದೆ. ಅಮ್ಮನ ಶಾಟನ್ನ ಮಿರರ್ ಮಾಡಿದೆ. ಸೆರಗು ಬಲ ಭುಜಕ್ಕೆ ಹೋಯ್ತು, ಗೋಡೆ ಕ್ಯಾಲೆಂಡರ್‌ನ ಅಕ್ಷರ ಎಲ್ಲ ಉಲ್ಟಾ. ಸರಿ, ನನ್ನ ಭಾಗವನ್ನೇ ಮತ್ತೆ ಶೂಟ್ ಮಾಡಬೇಕಾಯ್ತು. ಹಾಸನದ ಆ ಬೆಚ್ಚಗಿನ ಮಧ್ಯಾಹ್ನಕ್ಕೆ ಹೊಂದಬೇಕಲ್ಲ, ಜನವರಿ ಚಳೀಲಿ ಸ್ವೆಟರ್ ತೆಗೆದು ಕೂತೆ.

ಈ ಸಲ ಮೂರು ವಿಷಯ ಸರಿಮಾಡಿದೆ. ಒಂದು, ಕ್ಯಾಮೆರಾವನ್ನ ಇನ್ನೊಂದು ಪಕ್ಕಕ್ಕಿಟ್ಟು ಎಡಕ್ಕೆ ನೋಡಿದೆ. ಅಮ್ಮ ನೆಲದ ಮೇಲೆ ಕೂತು ಸ್ವಲ್ಪ ಮೇಲೆ ನೋಡ್ತಿದ್ದರಿಂದ ನಾನು ಕುರ್ಚಿಯಿಂದ ಕೆಳಗೆ ನೋಡಿದೆ. ಎರಡು, ಮ್ಯಾಚ್ ಆನ್ ಆಕ್ಷನ್: ಅಮ್ಮ ಲೋಟ ಪೂರ್ತಿ ಚಾಚೋಕೆ ಮುಂಚೆ, ಕೈ ಇನ್ನೂ ಚಲಿಸ್ತಿರುವಾಗಲೇ ಕಟ್. ಮುಂದಿನ ಶಾಟಲ್ಲಿ ಅಂಥದ್ದೇ ಸ್ಟೀಲ್ ಲೋಟ ನನ್ನ ಕೈಗೆ ಬರುತ್ತೆ. ನೋಡೋರ ಕಣ್ಣು ಚಲನೆಯ ಹಿಂದೆ ಹೋಗುತ್ತೆ, ಕಟ್ ಗಮನಕ್ಕೇ ಬರಲ್ಲ. ಮೂರು, ಸೌಂಡ್: ಹಾಸನದ ಫ್ಯಾನ್ ಸದ್ದನ್ನೇ ಎರಡೂ ಶಾಟ್ ಕೆಳಗೆ ಹಾಸಿದೆ. ಚಿತ್ರ ಬದಲಾದ್ರೂ ಸದ್ದು ಮುಂದುವರಿದ್ರೆ ಕೋಣೆ ಒಂದೇ ಅನ್ಸುತ್ತೆ.

ನನ್ನ ಲೋಟದಲ್ಲಿ ಕಾಫಿ ಸ್ವಲ್ಪ ಕಡಿಮೆಯೇ ಇತ್ತು. ಯಾರೂ ಗಮನಿಸಲಿಲ್ಲ. ಲೋಟ ತಪ್ಪಿದ್ರೆ ಪ್ರೇಕ್ಷಕ ಕ್ಷಮಿಸ್ತಾನೆ, ನೋಟ ತಪ್ಪಿದ್ರೆ ಸಂಬಂಧವೇ ಕಡಿದ ಹಾಗೆ ಕಾಣುತ್ತೆ. 1910ರ ದಶಕದಲ್ಲಿ ಹಾಲಿವುಡ್‌ನಲ್ಲಿ ರೂಢಿಯಾದ ಈ ಪದ್ಧತಿಯ ತಿರುಳು ಇಷ್ಟೇ. ಯಾರು ಯಾರನ್ನ ನೋಡ್ತಿದ್ದಾರೆ ಅನ್ನೋದು ಗೊಂದಲ ಆಗಬಾರದು.

ಹೊಸ ವಿಡಿಯೋ ನೋಡಿ ಅಮ್ಮ ಕಟ್ ಬಗ್ಗೆ ಏನೂ ಹೇಳಲಿಲ್ಲ. "ಸಣ್ಣ ಆಗಿದೀಯ" ಅಂದ್ಲು. ನನಗೆ ಅಷ್ಟು ಸಾಕಿತ್ತು.

ಮುಂದಿನ ಸಲ ಊರಿಗೆ ಹೋದಾಗ ಮನೆಯವರನ್ನ ಶೂಟ್ ಮಾಡ್ತೀರಲ್ಲ, ಯಾವ ಕಡೆ ನೋಡ್ತಿದ್ರು, ಕಣ್ಣು ಎಷ್ಟು ಎತ್ತರದಲ್ಲಿತ್ತು, ಬೆಳಕು ಎಲ್ಲಿಂದ ಬರ್ತಿತ್ತು ಅಂತ ಬರ್ಕೊಳ್ಳಿ. ಯಾರೂ ಮಾತಾಡದೆ ಒಂದು ನಿಮಿಷ ಕೋಣೆಯ ಸದ್ದನ್ನೂ ರೆಕಾರ್ಡ್ ಮಾಡ್ಕೊಳ್ಳಿ. ಉಳಿದರ್ಧ ಸೀನನ್ನ ಇಲ್ಲಿಗೆ ಬಂದು ನಿಧಾನಕ್ಕೆ ಮುಗಿಸಬಹುದು. ಮುಂದಿನ ಮಾತಿನಲ್ಲಿ ಜಂಪ್ ಕಟ್. ಸಿಗೋಣ.