ಕೆರೆ ದಂಡೆಗೆ ಯಾವುದು, ಛತ್ರಕ್ಕೆ ಯಾವುದು?

‘ಒಂದೇ ಬಾಡಿ ತಗೊಳ್ಳೋದಾದ್ರೆ ಯಾವ್ದು ತಗೊಳ್ಳಲಿ?’

ಜಯನಗರ, ಜೆ.ಪಿ. ನಗರದ ಕಡೆ ಕ್ಯಾಮೆರಾ ಹುಚ್ಚಿನವರು ಇಬ್ಬರು ಸೇರಿದರೆ ಈ ಪ್ರಶ್ನೆ ಬಂದೇ ಬರುತ್ತದೆ. ಕೇಳುವವರ ವಾರವೂ ಹೆಚ್ಚುಕಡಿಮೆ ಒಂದೇ ಥರ. ಐದು ದಿನ ಕಂಪ್ಯೂಟರ್ ಮುಂದೆ. ಶನಿವಾರ ಬೆಳಿಗ್ಗೆ ಪುಟ್ಟೇನಹಳ್ಳಿ ಕೆರೆಯಲ್ಲೋ ತುರಹಳ್ಳಿ ಕಾಡಿನಲ್ಲೋ ಹಕ್ಕಿ. ಭಾನುವಾರ ಬನಶಂಕರಿಯ ಯಾವುದೋ ಛತ್ರದಲ್ಲಿ ನೆಂಟರ ಮದುವೆ. ‘ನೀನು ಹೇಗೂ ಕ್ಯಾಮೆರಾ ಇಟ್ಕೊಂಡಿದೀಯಲ್ಲ, ಒಂದಷ್ಟು ಕ್ಯಾಂಡಿಡ್ ತೆಗೆದುಬಿಡು’ ಎಂಬ ಪುಕ್ಕಟೆ ಆಜ್ಞೆ. ಎರಡಕ್ಕೂ ಒಂದೇ ಯಂತ್ರ ಸಾಕೇ ಎಂಬುದು ಅವರ ಸಂಕಟ.

ಈ ಪ್ರಶ್ನೆಯನ್ನು ಒರೆಗೆ ಹಚ್ಚಲು ಕ್ಯಾನನ್ ಕಂಪನಿಯ ಎರಡು ಮಿರರ್‌ಲೆಸ್ ಕ್ಯಾಮೆರಾಗಳು ಚೆನ್ನಾಗಿ ಒದಗುತ್ತವೆ. ಆರ್7 ಪ್ರಕಟವಾದದ್ದು 2022ರ ಮೇ ತಿಂಗಳಲ್ಲಿ, ಆರ್6 ಮಾರ್ಕ್ 2 ಅದೇ ವರ್ಷದ ನವೆಂಬರ್‌ನಲ್ಲಿ. ಎರಡಕ್ಕೂ ಒಂದೇ ಆರ್‌ಎಫ್ ಮೌಂಟ್, ಒಂದೇ ಬ್ಯಾಟರಿ, ಎರಡೆರಡು ಎಸ್‌ಡಿ ಕಾರ್ಡ್ ಜಾಗ, ಬಾಡಿಯೊಳಗೇ ಅಲುಗಾಟ ತಡೆಯುವ ವ್ಯವಸ್ಥೆ. ಹಕ್ಕಿಯ ಕಣ್ಣು, ಮನುಷ್ಯರ ಕಣ್ಣು ಎರಡನ್ನೂ ಹುಡುಕಿ ಫೋಕಸ್ ಹಿಡಿಯುವ ಜಾಣತನ ಎರಡರಲ್ಲೂ ಇದೆ. ತೂಕದಲ್ಲೂ ಅರವತ್ತು ಗ್ರಾಂ ಆಚೀಚೆ, ಅಷ್ಟೆ. ಬೇರೆಯಾಗುವುದು ಸೆನ್ಸರ್‌ನಲ್ಲಿ ಮತ್ತು ಬಿಲ್ಲಿನಲ್ಲಿ. ಆರ್7ನದು 22.3 ಮಿ.ಮೀ. ಅಗಲ, 14.8 ಮಿ.ಮೀ. ಎತ್ತರದ ಕ್ರಾಪ್ ಸೆನ್ಸರ್, ಅದರಲ್ಲಿ 32.5 ಮೆಗಾಪಿಕ್ಸೆಲ್. ಆರ್6 ಮಾರ್ಕ್ 2ರದು 36-24 ಮಿ.ಮೀ.ನ ಫುಲ್ ಫ್ರೇಮ್, 24.2 ಮೆಗಾಪಿಕ್ಸೆಲ್. ಮಾರುಕಟ್ಟೆಗೆ ಬಂದಾಗ ಬರೀ ಬಾಡಿಯ ಬೆಲೆ ಮೊದಲನೆಯದಕ್ಕೆ ಸುಮಾರು 1.28 ಲಕ್ಷ, ಎರಡನೆಯದಕ್ಕೆ ಸುಮಾರು 2.44 ಲಕ್ಷ ರೂಪಾಯಿ. ಅಂದರೆ ಅರ್ಧ ಬೆಲೆಯದರಲ್ಲಿ ಮೆಗಾಪಿಕ್ಸೆಲ್ ಜಾಸ್ತಿ. ತಲೆ ಕೆಡುವುದು ಇಲ್ಲಿಂದಲೇ.

ಕೊಳ್ಳುವ ಮೊದಲು ಕೇಳಿಕೊಳ್ಳಬೇಕಾದ್ದು ಒಂದೇ ಎಂದು ನನಗನ್ನಿಸುತ್ತದೆ: ನೀವು ತೆಗೆಯುವ ವಸ್ತುವಿನ ಹತ್ತಿರಕ್ಕೆ ಇನ್ನು ನಾಲ್ಕು ಹೆಜ್ಜೆ ಹೋಗಲು ನಿಮಗೆ ಸಾಧ್ಯವೇ?

ಕೆರೆಯಲ್ಲಿ ಸಾಧ್ಯವಿಲ್ಲ. ಪುಟ್ಟೇನಹಳ್ಳಿ ಕೆರೆ ಹದಿಮೂರು ಎಕರೆಯ ಆಸುಪಾಸಿನ ಚಿಕ್ಕ ಕೆರೆ. ಸುತ್ತ ಬೇಲಿ, ಬೇಲಿಯ ಈಚೆ ನಡಿಗೆಯ ದಾರಿ. ಬತ್ತಿ ಕಸದ ಗುಂಡಿಯಾಗುವ ಹಾದಿಯಲ್ಲಿದ್ದ ಈ ಕೆರೆಯನ್ನು ಸುತ್ತಲಿನ ನಿವಾಸಿಗಳು 2010ರಲ್ಲಿ ಟ್ರಸ್ಟ್ ಕಟ್ಟಿಕೊಂಡು ಉಳಿಸಿದ್ದರಿಂದ ಇವತ್ತು ಅಲ್ಲಿ ಜಂಬುಕೋಳಿ, ಗುಳುಮುಳುಕ, ಬೆಳ್ಳಕ್ಕಿ, ಮಿಂಚುಳ್ಳಿಗಳಿವೆ. ಕೆರೆ ಸಣ್ಣದಾದ್ದರಿಂದ ಹಕ್ಕಿಗಳೂ ಅಷ್ಟೇನೂ ದೂರವಲ್ಲ. ಬಿ.ಟಿ.ಎಂ. ಲೇಔಟ್‌ನ ಮಡಿವಾಳ ಕೆರೆಗೆ ಹೋದರೆ ಕಥೆಯೇ ಬೇರೆ. ನೀರು ವಿಶಾಲ, ಹೆಜ್ಜಾರ್ಲೆಗಳು ಕೂರುವುದು ನಡುಗಡ್ಡೆಯ ಕಡೆ. ದಂಡೆಯಿಂದ 500 ಮಿ.ಮೀ. ಲೆನ್ಸ್ ಹಿಡಿದರೂ ಫ್ರೇಮಿನಲ್ಲಿ ಮುಕ್ಕಾಲು ಪಾಲು ನೀರು, ನಡುವೆ ಒಂದು ಬೆಳ್ಳನೆಯ ಆಕೃತಿ.

ಇಲ್ಲಿ ಲೆಕ್ಕ ಸರಳ. ಒಂದೇ ಜಾಗದಲ್ಲಿ ನಿಂತು, ಒಂದೇ 500 ಮಿ.ಮೀ. ಲೆನ್ಸನ್ನು ಎರಡೂ ಬಾಡಿಗೆ ಹಾಕಿ ಅದೇ ಹೆಜ್ಜಾರ್ಲೆಯನ್ನು ತೆಗೆಯಿರಿ. ಆರ್7 ಕೊಡುವ ನೋಟ 800 ಮಿ.ಮೀ. ಲೆನ್ಸಿನಷ್ಟು ಇಕ್ಕಟ್ಟು, ಅದರೊಳಗೆ ಪೂರ್ತಿ 32.5 ಮೆಗಾಪಿಕ್ಸೆಲ್. ಆರ್6 ಮಾರ್ಕ್ 2ರ ಚಿತ್ರವನ್ನು ಅಷ್ಟೇ ಇಕ್ಕಟ್ಟಿಗೆ ಕತ್ತರಿಸಿದರೆ ಕೈಯಲ್ಲಿ ಉಳಿಯುವುದು 9.3 ಮೆಗಾಪಿಕ್ಸೆಲ್. ಫುಲ್ ಫ್ರೇಮ್ ಅಂದರೆ ನಾಯ್ಸ್ ಕಡಿಮೆ ಎನ್ನುತ್ತಾರಲ್ಲ, ಆ ಅನುಕೂಲವೂ ಕತ್ತರಿಸಿದ ಕೂಡಲೇ ಕಡಿದುಹೋಗುತ್ತದೆ. ದೊಡ್ಡ ಸೆನ್ಸರಿನ ಅಂಚಿಗೆ ಬಿದ್ದ ಬೆಳಕೆಲ್ಲ ಕೆರೆಯ ನೀರಿನ ಬೆಳಕು. ಅದನ್ನು ನೀವೇ ಕತ್ತರಿಸಿ ಎಸೆದಿರಿ. ಹಕ್ಕಿಯ ಮೇಲಿನಿಂದ ಬಂದ ಬೆಳಕು ಎರಡರಲ್ಲೂ ಒಂದೇ. ಎರಡೂವರೆ ಲಕ್ಷ ಕೊಟ್ಟು ಕೆರೆಗೆ ಬಂದವರಿಗೆ ಇದನ್ನು ಹೇಳಿದರೆ ಮುಖ ಸಣ್ಣಗಾಗುತ್ತದೆ, ಆದರೂ ಹೇಳಲೇಬೇಕು.

ಹಾಗಂತ ಆರ್7 ಹಿಡಿದವರು ಬೀಗುವ ಹಾಗೂ ಇಲ್ಲ. ಅಷ್ಟು ಚಿಕ್ಕ ಪಿಕ್ಸೆಲ್‌ಗಳು ಲೆನ್ಸಿನ ಎಲ್ಲ ಮಂಕನ್ನೂ ಕೈಯ ಎಲ್ಲ ನಡುಕವನ್ನೂ ಬಯಲಿಗೆ ತರುತ್ತವೆ. ಬಿಸಿಲೇರಿದ ಮೇಲೆ ನೀರಿನ ಮೇಲೆ ಗಾಳಿ ಕುಣಿಯತೊಡಗಿದರೆ ಯಾವ ಸೆನ್ಸರೂ ಗರಿಯ ಎಳೆಯನ್ನು ಬಿಡಿಸಿ ಕೊಡಲಾರದು. ಬೆಳಗಿನ ಮೊದಲೆರಡು ಗಂಟೆಯೇ ಬಂಡವಾಳ. ಇನ್ನೊಂದು ತೊಡಕು ಶಟರ್‌ನದು. ಆರ್7ನಲ್ಲಿ ಎಲೆಕ್ಟ್ರಾನಿಕ್ ಶಟರ್ ಹಾಕಿದರೆ ಸೆಕೆಂಡಿಗೆ 30 ಚಿತ್ರ ಬರುತ್ತದೆ, ನಿಜ. ಆದರೆ ಅದರ ಸೆನ್ಸರ್ ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ಓದಿ ಮುಗಿಸಲು ಹತ್ತಿರ ಹತ್ತಿರ ಸೆಕೆಂಡಿನ ಮೂವತ್ತನೇ ಒಂದು ಭಾಗ ಬೇಕು. ಅಷ್ಟರಲ್ಲಿ ನೀರಿನ ಮೇಲೆ ತೇಲಿ ನಿಂತು ರೆಕ್ಕೆ ಬಡಿಯುವ ಕಪ್ಪು-ಬಿಳಿ ಮಿಂಚುಳ್ಳಿಯ ರೆಕ್ಕೆ ಎಲ್ಲಿಂದ ಎಲ್ಲಿಗೋ ಹೋಗಿರುತ್ತದೆ. ಚಿತ್ರದಲ್ಲಿ ರೆಕ್ಕೆ ರಬ್ಬರಿನದೇನೋ ಎಂಬಂತೆ ಬಾಗುತ್ತದೆ. ಹಾರುವ ಹಕ್ಕಿಗೆ ಮೆಕ್ಯಾನಿಕಲ್ ಶಟರ್‌ಗೆ ಬರಬೇಕು. ಆಗ ಸೆಕೆಂಡಿಗೆ 15. ಸಾಕು ಬಿಡಿ. ಕೂತ ಹಕ್ಕಿಗೆ, ಹಾರಲು ಹವಣಿಸುವ ಬೆಳ್ಳಕ್ಕಿಗೆ ಎಲೆಕ್ಟ್ರಾನಿಕ್ ಇರಲಿ. ಬಟನ್ ಒತ್ತುವುದಕ್ಕೆ ಅರ್ಧ ಸೆಕೆಂಡ್ ಮೊದಲಿನ ಚಿತ್ರಗಳನ್ನೂ ಉಳಿಸಿಕೊಡುವ ರಾ ಬರ್ಸ್ಟ್ ಎರಡೂ ಕ್ಯಾಮೆರಾದಲ್ಲಿದೆ. ಕೊಂಬೆ ಬಿಟ್ಟ ಮಿಂಚುಳ್ಳಿಯನ್ನು ನೋಡಿದ ಮೇಲೆ ಒತ್ತಿದರೂ ಕೊಂಬೆ ಬಿಡುವ ಗಳಿಗೆ ಸಿಕ್ಕಿರುತ್ತದೆ. ಹಳೆಯ ಕಾಲದ ಹಕ್ಕಿ ಛಾಯಾಗ್ರಾಹಕರು ಇದನ್ನು ಮೋಸವೆಂದೇ ಕರೆಯುತ್ತಿದ್ದರೇನೋ.

ಅವರ ಕಾಲದಲ್ಲಿ ದೂರದ ಸಮಸ್ಯೆಗೆ ಬೇರೆಯೇ ಪರಿಹಾರವಿತ್ತು. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ (1932–2017) ಅವರಂಥವರು ಫಿಲ್ಮಿನ ಕಾಲದಲ್ಲಿ ಮರೆ ಕಟ್ಟಿಕೊಂಡು, ಹಕ್ಕಿ ತಮ್ಮ ಇರವನ್ನು ಮರೆಯುವವರೆಗೆ ಗಂಟೆಗಟ್ಟಲೆ ಕೂತು ಚಿತ್ರ ತೆಗೆದರು. ಮೂಡಿಗೆರೆಯ ತೋಟದಲ್ಲಿ ತೇಜಸ್ವಿ ಹಕ್ಕಿಗಳ ಹಿಂದೆ ಬಿದ್ದದ್ದನ್ನು ‘ಕನ್ನಡ ನಾಡಿನ ಹಕ್ಕಿಗಳು’ ಓದಿದವರೆಲ್ಲ ಬಲ್ಲರು. ಅವರು ಹಕ್ಕಿಯ ಬಳಿಗೇ ಹೋದರು, ಅಥವಾ ಹಕ್ಕಿಯನ್ನು ಬಳಿಗೆ ಬರಗೊಟ್ಟರು. ವಾಕಿಂಗ್ ದಾರಿಯ ಮೇಲೆ ಮರೆ ಕಟ್ಟಲು ಆಗುತ್ತದೆಯೇ? ಗೂಡಿನ ಬಳಿ ಸುಳಿಯುವುದು ಈಗ ಸರಿಯೆನಿಸುವುದೂ ಇಲ್ಲ. ಗೂಡಿನ ಚಿತ್ರಗಳನ್ನು ಅನೇಕ ಸ್ಪರ್ಧೆಗಳು ತೆಗೆದುಕೊಳ್ಳುವುದೇ ಇಲ್ಲ. ಹಾಗಾಗಿ ನಗರದ ಕೆರೆಯಲ್ಲಿ ಮರೆಯ ಕೆಲಸವನ್ನು ಚಿಕ್ಕ ಸೆನ್ಸರ್ ಮಾಡಬೇಕಾಗಿ ಬಂದಿದೆ. ಲಾಲ್‌ಬಾಗ್ ಒಂದು ಅಪವಾದ. ಅಲ್ಲಿನ ಹಾಲಕ್ಕಿಗಳಿಗೆ ಜನರ ಅಭ್ಯಾಸ ಎಷ್ಟಾಗಿದೆಯೆಂದರೆ ಮರದ ಪೊಟರೆಯಿಂದ ನಮ್ಮನ್ನೇ ದಿಟ್ಟಿಸುತ್ತವೆ. ಅಲ್ಲಿಗೆ ಯಾವ ಬಾಡಿಯಾದರೂ ನಡೆಯುತ್ತದೆ.

ಈಗ ಛತ್ರಕ್ಕೆ ಬನ್ನಿ. ಧಾರೆಯ ಮನೆಯೊಳಗೆ ನುಗ್ಗಿದರೆ ಬೇಕಾದಷ್ಟು ಹತ್ತಿರ ಹೋಗಬಹುದು, ಪುರೋಹಿತರ ಮೊಣಕೈ ತಾಗುವಷ್ಟು. ಅಂತರಪಟ ಸರಿಯುತ್ತದೆ, ಹುಡುಗ ಹುಡುಗಿ ಒಬ್ಬರ ತಲೆಯ ಮೇಲೊಬ್ಬರು ಜೀರಿಗೆ-ಬೆಲ್ಲ ಹಾಕುತ್ತಾರೆ, ಅದೇ ಕ್ಷಣಕ್ಕೆ ನಾಲ್ಕೂ ಕಡೆಯಿಂದ ಅಕ್ಷತೆ ಬೀಳುತ್ತದೆ. ಮೂರು-ನಾಲ್ಕು ಸೆಕೆಂಡಿನ ಮಾತು. ‘ಇನ್ನೊಂದ್ ಸಲ ಹಾಕ್ರಪ್ಪ’ ಅನ್ನುವಂತಿಲ್ಲ (ಅಂದವರನ್ನು ಕಂಡಿದ್ದೇನೆ, ಆ ಮಾತು ಬೇರೆ). ಮೇಲೆ ಹಳದಿ ದೀಪ, ಪಕ್ಕದಲ್ಲಿ ವಿಡಿಯೊದವರ ಬಿಳಿ ಎಲ್‌ಇಡಿ, ನಡುವೆ ಹೋಮದ ಹೊಗೆ. ಬೆಳಕು ಇದೆ ಅನ್ನಿಸುತ್ತದೆ, ಆದರೆ ಕ್ಯಾಮೆರಾ ಐಎಸ್‌ಒ 6400 ಕೇಳುತ್ತದೆ.

ಇಲ್ಲಿ ಫ್ರೇಮ್ ತುಂಬಿಸುವುದು ನಿಮ್ಮ ಕಾಲಿನ ಕೆಲಸ. ತುಂಬಿಸಿದ ಮೇಲೆ ಏನನ್ನೂ ಕತ್ತರಿಸಿ ಎಸೆಯುವ ಪ್ರಮೇಯವಿಲ್ಲ, ದೊಡ್ಡ ಸೆನ್ಸರಿನ ಪೂರ್ತಿ ವಿಸ್ತೀರ್ಣ ದುಡಿಯುತ್ತದೆ. ಫುಲ್ ಫ್ರೇಮಿನ ವಿಸ್ತೀರ್ಣ 864 ಚದರ ಮಿ.ಮೀ., ಆರ್7ನದು 330. ಅದೇ ಲೆನ್ಸ್ ತೆರಪು, ಅದೇ ಶಟರ್ ಸ್ಪೀಡಿಗೆ ಎರಡೂವರೆ ಪಟ್ಟಿಗೂ ತುಸು ಹೆಚ್ಚು ಬೆಳಕು. ಆರ್6 ಮಾರ್ಕ್ 2ರ 6400, ಆರ್7ನ 2500ರ ಹತ್ತಿರ ಹತ್ತಿರ ಕಾಣುತ್ತದೆ ಅಂದುಕೊಳ್ಳಿ. ಮೊಬೈಲಿನಲ್ಲಿ ಈ ವ್ಯತ್ಯಾಸ ತಿಳಿಯುವುದಿಲ್ಲ. ಆಲ್ಬಮ್ಮಿನ ಎರಡು ಪುಟಕ್ಕೆ ಹರಡಿದ ಚಿತ್ರದಲ್ಲಿ, ಮದುಮಗಳ ಕಪ್ಪು ಜಡೆಯಲ್ಲಿ, ಮೈಸೂರು ರೇಷ್ಮೆಯ ನೆರಿಗೆಯ ನೆರಳಲ್ಲಿ ತಿಳಿಯುತ್ತದೆ.

ಜಾಗವೂ ಫುಲ್ ಫ್ರೇಮಿನ ಕಡೆಗೇ ವಾಲುತ್ತದೆ. ಮಂಟಪದ ಮುಂದೆ ವಿಡಿಯೊ ಟ್ರೈಪಾಡ್, ಸೋದರಮಾವ, ಆಮೇಲೆ ಮೊಬೈಲ್ ಎತ್ತಿ ಹಿಡಿದ ಇಡೀ ಗೋತ್ರ. ಹಿಂದೆ ಸರಿಯಲು ಜಾಗವಿಲ್ಲದಾಗ 16 ಮಿ.ಮೀ.ನ ಪುಟ್ಟ ಲೆನ್ಸ್ ಆರ್6ರಲ್ಲಿ ಇಡೀ ಮಂಟಪವನ್ನು ಹಿಡಿಯುತ್ತದೆ. ಅದೇ ಲೆನ್ಸ್ ಆರ್7ಗೆ ಹಾಕಿದರೆ 26 ಮಿ.ಮೀ.ನ ನೋಟ, ಬಾಳೆಕಂದು ಹೊರಗೆ. ಕೆರೆಯಲ್ಲಿ ವರವಾಗಿದ್ದ 1.6ರ ಗುಣಾಕಾರ ಇಲ್ಲಿ ಕಾಟ.

ಎಲ್‌ಇಡಿ ದೀಪಗಳ ಇನ್ನೊಂದು ಉಪದ್ರವ ಪಟ್ಟೆಗಳದು. ನಮ್ಮ ವಿದ್ಯುತ್ತು 50 ಹರ್ಟ್ಸಿನದು, ಅಗ್ಗದ ದೀಪ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಸದ್ದಿಲ್ಲದಿರಲೆಂದು ಆರ್7ನಲ್ಲಿ ಎಲೆಕ್ಟ್ರಾನಿಕ್ ಶಟರ್ ಹಾಕಿದಿರೋ, ಅದು ನಿಧಾನವಾಗಿ ಓದುವಷ್ಟರಲ್ಲಿ ದೀಪ ಮೂರು ಸಲ ಮಿಣುಕಿರುತ್ತದೆ, ಚಿತ್ರದಲ್ಲಿ ಮೂರು ಅಡ್ಡ ಪಟ್ಟೆ. ಆರ್6 ಮಾರ್ಕ್ 2 ಸುಮಾರು ಅರ್ಧ ಸಮಯದಲ್ಲಿ ಓದಿ ಮುಗಿಸುವುದರಿಂದ ಪಟ್ಟೆ ಕಡಿಮೆ; ಇಲ್ಲವೆಂದಲ್ಲ. ಮೆಕ್ಯಾನಿಕಲ್ ಶಟರ್, ಆ್ಯಂಟಿ ಫ್ಲಿಕರ್, ಅಥವಾ ನೂರನೇ ಒಂದು ಸೆಕೆಂಡಿನ ಸ್ಪೀಡ್ ಇದಕ್ಕೆ ಮದ್ದು. ಮಂತ್ರಘೋಷ, ವಾಲಗದ ನಡುವೆ ಶಟರ್ ಸದ್ದು ಯಾರಿಗೆ ಕೇಳಬೇಕು?

ಕೇಳುವುದು ಜೆ.ಪಿ. ನಗರ ಎರಡನೇ ಹಂತದ ರಂಗಶಂಕರದಲ್ಲಿ. ಶಂಕರ್‌ನಾಗ್ ನೆನಪಿಗೆ 2004ರಲ್ಲಿ ತೆರೆದ ಈ ರಂಗಮಂದಿರಕ್ಕೆ ತಡವಾಗಿ ಬಂದವರಿಗೇ ಪ್ರವೇಶವಿಲ್ಲ, ಇನ್ನು ಪ್ರದರ್ಶನದ ನಡುವೆ ಕ್ಲಿಕ್ ಅನ್ನಿಸುವುದುಂಟೇ! ತಂಡದ ಫೋಟೊ ತೆಗೆಯುವವರು ಒಪ್ಪಿಗೆ ಪಡೆದು ತಾಲೀಮಿನ ದಿನವೇ ಕೆಲಸ ಮುಗಿಸಿಕೊಳ್ಳುವುದು ಮೇಲು. ಆರ್7ನ ಮೆಕ್ಯಾನಿಕಲ್ ಶಟರ್ ಅಡಿಕೆ ಕತ್ತರಿಯಂತೆ ಸದ್ದು ಮಾಡುತ್ತದೆ. ರಂಗದ ಮೇಲೆ ಒಂದೇ ಸ್ಪಾಟ್ ಲೈಟ್, ಸುತ್ತ ಕತ್ತಲೆ, ನಟಿ ಮಾತು ನಿಲ್ಲಿಸಿ ಉಸಿರೆಳೆದುಕೊಳ್ಳುವ ಹೊತ್ತು. ಇಂಥ ಕಡೆ ಆರ್6 ಮಾರ್ಕ್ 2ಕ್ಕೆ ಒಂದು 85 ಮಿ.ಮೀ. ಲೆನ್ಸ್, ಮೌನದ ಶಟರ್ — ನನ್ನ ಮಟ್ಟಿಗೆ ಚರ್ಚೆಯೇ ಇಲ್ಲ.

ಬೀದಿಯ ಚಿತ್ರಗಳಿಗೆ? ಜಯನಗರ ನಾಲ್ಕನೇ ಬ್ಲಾಕಿನ ಅಂಗಡಿಸಾಲು, ಬನಶಂಕರಿ ದೇವಸ್ಥಾನದಲ್ಲಿ ರಾಹುಕಾಲಕ್ಕೆ ನಿಂಬೆಹಣ್ಣಿನ ದೀಪ ಹಚ್ಚುವವರು, ಕಾರ್ತಿಕದ ಕೊನೇ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆ. ಎರಡೂ ಕ್ಯಾಮೆರಾ ಇದಕ್ಕೆ ದೊಡ್ಡವೇ. ಕಪ್ಪಗೆ, ದಪ್ಪಗೆ ಏನೋ ಎತ್ತಿದರೆ ಮುಖ ತಿರುಗುತ್ತದೆ. ಅಂಗೈಯಗಲದ ಸಣ್ಣ ಕ್ಯಾಮೆರಾವೋ ಜೇಬಿನ ಮೊಬೈಲೋ ವಾಸಿ. ಪೂಜೆಯಲ್ಲಿರುವವರನ್ನು ತೆಗೆಯುವ ಮುನ್ನ ಒಂದು ಮಾತು ಕೇಳುವುದು ಅದಕ್ಕಿಂತ ವಾಸಿ.

ದುಡ್ಡಿನ ಮಾತಿಗೆ ಬಂದರೆ ಬಾಡಿಯ ಬೆಲೆ ನೋಡಿ ಮೋಸಹೋಗಬಾರದು. ಹಕ್ಕಿಗೆ ಆರ್‌ಎಫ್ 100-500 ಲೆನ್ಸ್ ಎರಡು ಲಕ್ಷ ದಾಟುತ್ತದೆ, ಆರ್7 ಬಾಡಿಗಿಂತ ದುಬಾರಿ. ಅಷ್ಟಿಲ್ಲದವರಿಗೆ 635 ಗ್ರಾಂ ತೂಗುವ 100-400 ಇದೆ. ತೆರಪು ಚಿಕ್ಕದಾದರೂ ಬಿಸಿಲಿನಲ್ಲಿ ಚೊಕ್ಕ, ಕೆರೆಯನ್ನು ಎರಡು ಸುತ್ತು ಹಾಕಿದರೂ ಹೆಗಲು ನೋಯುವುದಿಲ್ಲ. ನನಗೆ ಇನ್ನೂ ಇಷ್ಟವಾದ ದಾರಿ ಹಳೆಯ ಇಎಫ್ 400 ಮಿ.ಮೀ. ಎಫ್5.6. ಡಿಎಸ್‌ಎಲ್‌ಆರ್ ಬಿಟ್ಟು ಬಂದವರು ಸೆಕೆಂಡ್ ಹ್ಯಾಂಡಿಗೆ ಮಾರಿದ್ದು ಸಿಕ್ಕರೆ ಅಡಾಪ್ಟರ್ ಹಾಕಿ ಆರ್7ಗೆ ಸಿಕ್ಕಿಸಬಹುದು. ಆ ಲೆನ್ಸಿಗೆ ಅಲುಗಾಟ ತಡೆಯುವ ವ್ಯವಸ್ಥೆ ಇರಲಿಲ್ಲ. ಈಗ ಬಾಡಿಯೇ ಆ ಕೊರತೆ ತುಂಬುತ್ತದೆ.

ಇನ್ನು ಆ 9.3 ಮೆಗಾಪಿಕ್ಸೆಲ್. ಅಷ್ಟು ಕಡಿಮೆಯೇ ಎಂದು ಮೂಗು ಮುರಿಯುವ ಮುನ್ನ ಒಂದು ಲೆಕ್ಕ: ಅಡ್ಡಕ್ಕೆ 3744, ಉದ್ದಕ್ಕೆ 2496 ಪಿಕ್ಸೆಲ್. ಇಂಚಿಗೆ 300 ಚುಕ್ಕಿಯಂತೆ ಎ4 ಹಾಳೆ ತುಂಬುವಷ್ಟು ಅದು ಸಾಕು. ಚಿತ್ರ ಕೊನೆಗೆ ಸೇರುವುದು ವಾಟ್ಸ್‌ಆ್ಯಪ್ ಗುಂಪಿಗೋ ಗೋಡೆಯ ಸಣ್ಣ ಚೌಕಟ್ಟಿಗೋ ಆದರೆ, ಪುಟ್ಟೇನಹಳ್ಳಿಯಷ್ಟು ಚಿಕ್ಕ ಕೆರೆಯಲ್ಲಿ ಆರ್6 ಮಾರ್ಕ್ 2 ಹಕ್ಕಿಗೂ ನಡೆದೀತು. ಮಡಿವಾಳದ ನಡುಗಡ್ಡೆಯ ಹಕ್ಕಿಯ ಚಿತ್ರವನ್ನು ಆ 9.3 ಮೆಗಾಪಿಕ್ಸೆಲ್‌ನಿಂದಲೂ ಇನ್ನೊಮ್ಮೆ ಕತ್ತರಿಸಬೇಕಾದಾಗ ಮಾತ್ರ ಅದು ಕೈಚೆಲ್ಲುತ್ತದೆ. ಮದುವೆಯೇ ಹೊಟ್ಟೆಪಾಡಾಗಿರುವವರಿಗೆ ಆರ್6 ಮಾರ್ಕ್ 2, ಆದರೆ ಎರಡು; ಒಂದು ಕೈಕೊಟ್ಟರೆ ಇನ್ನೊಂದಿರಲಿ. ಹಕ್ಕಿಯ ಹುಚ್ಚು ಹತ್ತಿ, ವರ್ಷಕ್ಕೆ ನಾಲ್ಕು ಮದುವೆ ಮಾತ್ರ ತಲೆಗೆ ಬೀಳುವವರು ಆರ್7 ತೆಗೆದುಕೊಂಡು, ಉಳಿದದ್ದನ್ನು ಲೆನ್ಸಿಗೆ ಹಾಕಲಿ. ಮದುವೆ ಬಂದಾಗ ಆರ್6ನ್ನು ದಿನದ ಲೆಕ್ಕದಲ್ಲಿ ಬಾಡಿಗೆಗೆ ತಂದರಾಯಿತು. ಮನೆಯಲ್ಲಿರುವ ಬ್ಯಾಟರಿ, ಚಾರ್ಜರ್, ಕಾರ್ಡುಗಳೇ ಹೊಂದುತ್ತವೆ. ಆರ್7 ಜೊತೆ ಬಂದ 18-150 ಲೆನ್ಸನ್ನು ಮಾತ್ರ ಮನೆಯಲ್ಲೇ ಬಿಟ್ಟು ಹೋಗಿ. ಅದನ್ನು ಸಿಕ್ಕಿಸಿದ ಕೂಡಲೇ ಆರ್6 ತಾನಾಗಿ ಕ್ರಾಪ್‌ಗೆ ಇಳಿಯುತ್ತದೆ. ಬಾಡಿಗೆಗೆ ಫುಲ್ ಫ್ರೇಮ್ ತಂದು, ಮಾಂಗಲ್ಯಧಾರಣೆಯನ್ನು 9 ಮೆಗಾಪಿಕ್ಸೆಲ್‌ನಲ್ಲಿ ತೆಗೆದುಕೊಂಡು ಬಂದಂತಾಗುತ್ತದೆ.