ಗ್ರಂಥಾಲಯದ ಒಳಮನೆ

2010ರಲ್ಲಿ ಬೆಳಗಾವಿಗೆ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಬರುವ ಮುನ್ನ ಗೋಕಾಕ, ಮೂಡಲಗಿ, ಹುಕ್ಕೇರಿಗಳ ನಮಗೆ ಧಾರವಾಡವೇ ವಿದ್ಯಾಕಾಶಿ. ಅಂದು ಗ್ರಂಥಾಲಯವೊಂದರಲ್ಲಿ ಗೋಕಾಕ ಸೀಮೆಯ ಬೆಟಗೇರಿ ಕೃಷ್ಣಶರ್ಮರ ಪುಸ್ತಕವೊಂದನ್ನು ಓದಿ, ಉಪಕಾರ ಮಾಡಿದೆನೆಂಬ ಹೆಮ್ಮೆಯಿಂದ ನಾನೇ ಕಪಾಟಿನಲ್ಲಿಟ್ಟೆ. ಮರುವಾರ ಹುಕ್ಕೇರಿಯ ಗೆಳೆಯನಿಗೆ ಅದು ಸಿಗಲೇ ಇಲ್ಲ.

ಖರೀದಿ ವಿಭಾಗ ಅದನ್ನು ತರಿಸಿ ದಾಖಲೆಯ ಸಂಖ್ಯೆ ಬರೆದಿತ್ತು. ವರ್ಗೀಕರಣದವರು ವಿಷಯವರಿತು ಸ್ಥಾನವಿತ್ತಿದ್ದರು. ಸೂಚೀಕಾರರು ಕರ್ತೃ, ಶೀರ್ಷಿಕೆ, ವಿಷಯಗಳಿಗೆ ಬೇರೆಬೇರೆ ಚೀಟಿ ಬರೆದಿದ್ದರು. ಎರವಲು ವಿಭಾಗ ಕಾದು ಕುಳಿತಿತ್ತು. ಇವರೆಲ್ಲರ ದುಡಿಮೆಯನ್ನು ನನ್ನ ಕ್ಷಣದ ಅಜಾಗ್ರತೆ ವ್ಯರ್ಥಗೊಳಿಸಿತು. ಸ್ಥಾನ ತಪ್ಪಿದ ಗ್ರಂಥ, ಇದ್ದೂ ಇಲ್ಲದಂತೆ.

ಓದುಗನ ಕಾಲವನ್ನು ಉಳಿಸೆಂಬುದು 1931ರಲ್ಲಿ ರಂಗನಾಥನ್ ಪ್ರಕಟಿಸಿದ ಪಂಚಸೂತ್ರಗಳಲ್ಲಿ ನಾಲ್ಕನೆಯದು. ಅಂದಿನಿಂದ ನಾನು ಓದಿದ ಪುಸ್ತಕವನ್ನು ಮೇಜಿನ ಮೇಲೆಯೇ ಬಿಟ್ಟು ಬರುತ್ತೇನೆ.